ಏರಿನಲ್ಲಿ ಮಾತ್ರ ಮಿಣುಕುವ ದೀಪ

ನಮ್ಮ ಕಡೆಯದೇ ಒಂದು ಊರು, ಅಲ್ಲೊಬ್ಬ ಸಾಹುಕಾರ. ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಕಥೆಯಲ್ಲಿ ತಪ್ಪು ಅವನದೇ.

ಅವನ ಹೆಂಡತಿ ಐವತ್ತೆರಡನೆಯ ವಯಸ್ಸಿನಲ್ಲಿ ಕಾರು ಓಡಿಸಲು ಕಲಿತಳು. ಪ್ರತಿ ಗುರುವಾರ ಅಡುಗೆ ಮಾಡಿ, ಇಬ್ಬರು ಗೆಳತಿಯರನ್ನೂ ತುಂಬಿದ ಪಾತ್ರೆಗಳನ್ನೂ ಕೂರಿಸಿಕೊಂಡು, ಗುಡ್ಡದ ಮೇಲಿನ ಅಂಧ ಮಕ್ಕಳ ಶಾಲೆಗೆ ಹೋಗುತ್ತಿದ್ದಳು. ವಾರದಲ್ಲಿ ಆಕೆಗೆ ಅದೊಂದೇ ಹಬ್ಬ.

ಒಂದು ಗುರುವಾರ ಮರಳಿ ಬಂದವಳೇ ಹೇಳಿದಳು: “ಏರಿನ್ಯಾಗ ಸ್ಟೇರಿಂಗ್ ಮುಂದಿನ ಇಂಜಿನ್ ದೀಪ ಮಿಣಕ್ ಮಿಣಕ್ ಅಂತೈತ್ರಿ. ಗಾಡಿ ನಡಗತೈತಿ.”

ಸಾಹುಕಾರ ಮರುದಿನ ಒಬ್ಬನೇ ಅದೇ ಗಾಡಿಯಲ್ಲಿ ಪೇಟೆಯನ್ನೆಲ್ಲ ಸುತ್ತಿಬಂದ. ದೀಪ ಇಲ್ಲ. ಮುಂದಿನ ವಾರ ಆಕೆ ಮತ್ತೆ ಹೇಳಿದಳು, ಇವನು ಮತ್ತೆ ಸುತ್ತಿದ. ದೀಪ ಇಲ್ಲ.

“ನಿನಗ ಏರಿನ ಅಂಜಿಕಿ, ಅಷ್ಟ,” ಎಂದ.

“ಅಂಜಿಕಿ ನನಗಾದ್ರ ನಾ ನಡಗಬೇಕು. ಗಾಡಿ ಯಾಕ ನಡಗತೈತಿ?”

ಆಕೆಗೆ ಸಮಾಧಾನವಾಗಲಿ ಎಂದು ಅವನೊಂದು ಉಪಾಯ ಮಾಡಿದ. ನೋಡಿ, ಪ್ರೀತಿ ಎಂಥ ಕೆಲಸ ಮಾಡಿಸುತ್ತದೆ! ಪ್ರತಿ ಶುಕ್ರವಾರ ಬ್ಯಾಟರಿಯ ವೈರು ಬಿಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಹಾಕುವುದು. ಹಾಗೆ ಮಾಡಿದರೆ ದೀಪ ಬರುವುದಿಲ್ಲ ಎಂದು ಯಾರೋ ಹೇಳಿದ್ದರು. ಗುರುವಾರ ಅದು ಮತ್ತೆ ಬಂತು.

ಎರಡು ತಿಂಗಳು ಕಳೆದವು. “ಇನ್ನ ಸಾಕು, ಕೀಲಿ ಕೊಡು. ಡ್ರೈವರ್ ಇಡತೀನಿ,” ಎಂದ.

ಆಕೆ ಜಗಳವಾಡಲಿಲ್ಲ. “ಕೊಡ್ತೀನಿ. ಮೊದಲ ಮೇಸ್ತ್ರಿಗೆ ತೋರಸ್ರಿ,” ಎಂದಳು.

ಗ್ಯಾರೇಜಿನ ಮೇಸ್ತ್ರಿ ಗಾಡಿಯ ದೋಷ ಓದುವ ಯಂತ್ರ ಜೋಡಿಸಿ ನೋಡಿದ. ಒಳಗೆ ಏನೂ ದಾಖಲಾಗಿರಲಿಲ್ಲ.

“ಬ್ಯಾಟರಿ ಬಿಚ್ಚಿದ್ರೇನ್ರಿ ಸಾವ್ಕಾರ?”

“ಹೂಂ.”

“ಗಾಡಿ ಬರದಿಟ್ಟಿದ್ದನ್ನ ನೀವ ಅಳಿಸಿ, ಓದು ಅಂತ ನನ್ನ ಮುಂದ ಇಟ್ಟೀರಿ. ಹೋಗ್ಲಿ, ದೀಪ ನೋಡಿದವರ‍್ಯಾರು?”

“ನನ್ನ ಹೆಂಡತಿ.”

“ಮತ್ತ ಅಕ್ಕಾರನ್ನ ಬಿಟ್ಟು ನೀವೊಬ್ರ ಯಾಕ ಬಂದ್ರಿ?”

ಗುರುವಾರ ಬಂತು. ಆಕೆ ಸ್ಟೇರಿಂಗ್ ಹಿಡಿದಳು, ಪಕ್ಕದಲ್ಲಿ ಮೇಸ್ತ್ರಿ. ಹಿಂದೆ ಇಬ್ಬರು ಗೆಳತಿಯರ ನಡುವೆ ಸಾಹುಕಾರ, ಅವನ ತೊಡೆಯ ಮೇಲೆ ಸಾರಿನ ಪಾತ್ರೆ. ಪೇಟೆ ದಾಟಿದರು, ದೀಪ ಇಲ್ಲ. ಏರು ಶುರುವಾಯಿತು. ಮೂರನೆಯ ತಿರುವಿನಲ್ಲಿ ಗಾಡಿ ಒಮ್ಮೆ ನಡುಗಿತು.

“ದೀಪ ಹತ್ತೈತಿ! ಖರೇನ ಹತ್ತೈತಿ!” ಎಂದು ಸಾಹುಕಾರ ಕೂಗಿದ.

“ನನಗೇನ ಹೇಳ್ತೀರಿ?” ಎಂದಳು ಆಕೆ.

ಇಲ್ಲೊಂದು ಮಾತನ್ನು ಸರಿಯಾಗಿ ಕೇಳಿಸಿಕೊಳ್ಳಿ, ವಾಹನವುಳ್ಳವರಿಗೆ ಬೇಕಾದದ್ದು. ಆ ದೀಪ ಒಂದೇ ಸಮನೆ ಉರಿದರೆ ಬೇಗ ತೋರಿಸಬೇಕು. ಮಿಣುಕಿದರೆ ಆಗಲೇ ಆಕ್ಸಿಲರೇಟರಿನ ಮೇಲಿನ ಕಾಲು ಸಡಿಲಿಸಿ, ಬದಿಗೆ ನಿಲ್ಲಿಸಬೇಕು. ಆಕೆ ಹಾಗೇ ನಿಲ್ಲಿಸಿದಳು. ಎರಡನೆಯ ಸಿಲಿಂಡರಿನಲ್ಲಿ ಇಂಧನ ಹೊತ್ತಿಸುವ ಕಿಡಿ ತಪ್ಪುತ್ತಿದೆ ಎಂದು ಯಂತ್ರ ತೋರಿಸಿತು. ಮೇಸ್ತ್ರಿ ಅಷ್ಟಕ್ಕೇ ತೀರ್ಪು ಕೊಡಲಿಲ್ಲ. ಕಿಡಿ ಕೊಡುವ ಕಾಯಿಲುಗಳಲ್ಲಿ ಎರಡನೆಯದನ್ನು ಮೂರನೆಯದರ ಜಾಗಕ್ಕೂ ಮೂರನೆಯದನ್ನು ಎರಡನೆಯದರ ಜಾಗಕ್ಕೂ ಹಾಕಿದ. ಮತ್ತೆ ಸ್ವಲ್ಪ ದೂರ ಏರಿಸಿದರು. ಈಗ ಕಿಡಿ ತಪ್ಪಿದ್ದು ಮೂರನೆಯ ಸಿಲಿಂಡರಿನಲ್ಲಿ. ಅಂದರೆ ದೋಷ ಎರಡರಿಂದ ಮೂರಕ್ಕೆ ಹೋದ ಆ ಕಾಯಿಲಿನದೇ. ಅದರ ಮೈಯಲ್ಲಿ ಕೂದಲೆಳೆಯಷ್ಟು ಬಿರುಕು. ಖಾಲಿ ಗಾಡಿಯಲ್ಲಿ, ಸಪಾಟು ರಸ್ತೆಯಲ್ಲಿ ಅದು ತಡೆದುಕೊಳ್ಳುತ್ತಿತ್ತು. ಭಾರ ಹೊತ್ತು ಏರುವಾಗ ಸೋಲುತ್ತಿತ್ತು.

ಬೇಕಾದೀತೆಂದು ಮೇಸ್ತ್ರಿ ಜೊತೆಗೇ ತಂದಿದ್ದ ಹೊಸ ಕಾಯಿಲು ಹಾಕಿದ. ಸಾಹುಕಾರ ಮೆಲ್ಲಗೆ ಹೇಳಿದ: “ತಪ್ಪ ನಂದು. ಕೀಲಿ ನಿನ್ನ ಕಡೇನ ಇರ್ಲಿ.”

“ಇರ್ತೈತಿ ಬಿಡ್ರಿ. ಸಾರು ಗಟ್ಟಿ ಹಿಡೀರಿ, ಮುಂದ ತಿರುವು ಐತಿ.”

ನಗುತ್ತೀರಿ. ನಗಿ. ಆದರೆ ಇಂಥ ಸಾಹುಕಾರರು ನಮ್ಮಲ್ಲಿ ಎಷ್ಟು ಮಂದಿ? ಮೆಟ್ಟಿಲು ಹತ್ತುವಾಗ ಎದೆ ಹಿಡಿಯುತ್ತದೆ ಎಂದು ಹೆಂಡತಿ ಹೇಳಿದರೆ, ಕುರ್ಚಿಯಲ್ಲಿ ಕೂತವಳನ್ನು ನೋಡಿ “ಚೆನ್ನಾಗಿದ್ದೀಯಲ್ಲ” ಎನ್ನುತ್ತೇವೆ. ಗಣಿತದ ತರಗತಿಯಲ್ಲಿ ಕೈ ಬೆವರುತ್ತದೆ ಎಂದು ಮಗಳು ಹೇಳಿದರೆ, ಭಾನುವಾರ ಆಡುತ್ತಿರುವವಳನ್ನು ನೋಡಿ “ನಾಟಕ” ಎನ್ನುತ್ತೇವೆ. ಅವರು ಸುಳ್ಳು ಹೇಳುತ್ತಿದ್ದಾರೆಯೇ? ಇಲ್ಲ. ನಾವು ನೋಡುತ್ತಿರುವುದು ಸಪಾಟು ರಸ್ತೆಯಲ್ಲಿ. ಇನ್ನೂ ಕೆಟ್ಟದ್ದೆಂದರೆ, “ಏನಿಲ್ಲ, ಮರೆತುಬಿಡು” ಎಂದು ಅವರ ಮಾತನ್ನೇ ಅಳಿಸುತ್ತೇವೆ, ಅದೂ ಪ್ರೀತಿಯಿಂದ!

ಆದ್ದರಿಂದ ಇವತ್ತು ಮನೆಗೆ ಹೋಗಿ ಒಬ್ಬರನ್ನಾದರೂ ಕೇಳಿ: “ನಿನಗೆ ಯಾವ ಹೊತ್ತಿನಲ್ಲಿ, ಎಲ್ಲಿ ಕಷ್ಟವಾಗುತ್ತದೆ?” ಉತ್ತರ ಬಂದ ಮೇಲೆ ಬುದ್ಧಿ ಹೇಳಬೇಡಿ. ಆ ಹೊತ್ತಿಗೆ, ಆ ಜಾಗದಲ್ಲಿ, ಅವರ ಜೊತೆ ಇರಿ.