ವೀಸಾ ಸಿಕ್ಕ ಊರು

ವೀಸಾ ಕಚೇರಿಯ ಹೊರಗಿನ ಬೆಂಚಿನಲ್ಲಿ ನನ್ನ ಪಕ್ಕ ನಡುವಯಸ್ಸಿನ ಹೆಂಗಸೊಬ್ಬಳು ಕೂತಿದ್ದಳು. ಒಳಗಿನಿಂದ ಅವಳ ಅಕ್ಕ ಎರಡು ಪಾಸ್‌ಪೋರ್ಟ್ ಹಿಡಿದು ಬಂದಳು.

“ಕೊಟ್ರಾ ಅಕ್ಕಾ?”

“ಇಬ್ಬರಿಗೂ ಕೊಟ್ರು ಕಣೇ. ಆದ್ರೆ ಗಡಿ ದಾಟಿದ್ಮೇಲೆ ಅಣ್ಣನ ಹಳೇ ಊರಿಗೆ ಮಾತ್ರ. ಅದರಾಚೆ ಹೋಗೋ ಹಾಗಿಲ್ವಂತೆ.”

“ಅಣ್ಣ ಮಗನ ಮನೆ ಸೇರಿ ಯಾವ ಕಾಲ ಆಯ್ತು! ಆ ಊರಿಗೆ ಹೋಗಿ ಯಾರ ಮುಖ ನೋಡೋಣ?”

“ನಾವು ಅರ್ಜಿ ಹಾಕಿದಾಗ ಅಲ್ಲೇ ಇದ್ನಲ್ಲ. ಊರು ಬದಲಾಯಿಸ್ಬೇಕಂದ್ರೆ ಹೊಸದಾಗಿ ಅರ್ಜಿ ಹಾಕಿ ಕಾಯ್ಬೇಕಂತೆ.”

“ನಾವೇನೋ ಕಾಯ್ತೀವಿ. ಬೆಳಿಗ್ಗೆ ಜೀವ ಬಿಟ್ಟೋನು ಕಾಯ್ತಾನಾ?”

ಅಕ್ಕ ಪಾಸ್‌ಪೋರ್ಟುಗಳನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು.

“ಒಳಗಿಂದ್ಲೇ ಅವನ ಮಗನಿಗೆ ಫೋನ್ ಮಾಡ್ದೆ. ಅಣ್ಣ ಮೊನ್ನೇನೇ ಹೇಳಿದ್ನಂತೆ.”

“ಏನಂತ?”

“‘ತಂಗೀರನ್ನ ಯಾವ ಊರಿಗೆ ಬಿಡ್ತಾರೋ ಅಲ್ಲೇ ನನ್ನ ಮಣ್ಣು ಮಾಡಪ್ಪಾ’ ಅಂತ. ಅವನನ್ನ ಕರ್ಕೊಂಡು ಗಾಡಿ ಆಗ್ಲೇ ಹಳೇ ಊರಿಗೆ ಹೊರಟಿದೆ.”

ತಂಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಅಕ್ಕ ಅವಳ ಚೀಲವನ್ನೂ ತಾನೇ ಹೆಗಲಿಗೇರಿಸಿ, ರಟ್ಟೆ ಹಿಡಿದು ಎಬ್ಬಿಸಿ, ಮೆಟ್ಟಿಲಿನತ್ತ ನಡೆಸಿದಳು.

“ಬಸ್ಸಲ್ಲಿ ಕೂತು ಅಳೋಣ, ನಡಿಯೇ. ಅಣ್ಣ ಬಂದು ಕಾಯೋ ಹಾಗಾಗ್ಬಾರ್ದು.”