ಹನ್ನೊಂದು ನಲವತ್ತರ ಸೂಜಿ

ಬಾವಿ ಹತ್ರ ಬಂದಾಗ ಅಕ್ಕನ ಮೊಬೈಲಲ್ಲಿ ಹನ್ನೊಂದು ಇಪ್ಪತ್ತೆರಡು. ಮೂರು ಬೀದಿದೀಪದಲ್ಲಿ ಎರಡು ಸತ್ತಿದ್ವು, ಮೂರನೇದು ಸಾಯೋ ಯೋಚ್ನೆ ಮಾಡ್ತಿತ್ತು. ಕೈಯಲ್ಲೊಂದು ಫ್ಲಾಸ್ಕು. ಒಳಗೆ ಐಸ್ ತುಂಡು... ಕಟ... ಕಟ... ಕಟ.

ಕಿಸಕ್ ಅನ್ಬೇಡ್ರೋ. ಇದು ನಮ್ಮ ದೊಡ್ಡಪ್ಪನ ಮಗಳಿಗೆ ಆಗಿದ್ದು. ಕಟ್ಟುಕತೆ ಕಟ್ಟೋಕೆ ಬಂದಿದ್ರೆ ನಾನು ಪರೀಕ್ಷೇಲಿ ಪಾಸಾಗಿರ್ತಿದ್ದೆ.

ಅಕ್ಕ ಟೈಲರು. ಆ ಬೀದಿಯ ಅಷ್ಟೂ ಮಕ್ಕಳ ಫ್ರಾಕು, ಚಡ್ಡಿ ಹೊರಟಿದ್ದು ಅವಳ ಮಿಷಿನ್ನಿಂದ್ಲೇ. ಆದ್ರೆ ಒಂದು ಮಗೂನೂ ಅವಳ ಅಂಗಡಿ ಮೆಟ್ಲು ಹತ್ತಿರ್ಲಿಲ್ಲ. ಅಮ್ಮಂದಿರು ಹಳೇ ಫ್ರಾಕ್ ಒಂದನ್ನ ತಂದು ಟೇಬಲ್ ಮೇಲೆ ಎಸೆದು, "ಇದೇ ಅಳತೆ, ಎರಡಿಂಚು ಉದ್ದ ಇಡು" ಅಂತ ಹೋಗೋರು. ಮದ್ವೆಯಾಗಿ ಆರು ವರ್ಷ, ಮಡಿಲು ಖಾಲಿ. ಅಂಥವಳ ಕಣ್ಣು ಕೂಸಿನ ಮೇಲೆ ಬಿದ್ರೆ ಅಂತ ಭಯ. ಹೊಲಿಗೆ ಮಾತ್ರ ಅವಳದೇ ಬೇಕು! ಆಹಾ, ಎಂಥಾ ಭಯ ನೋಡಿ.

ಈಗ ಗುಟ್ಟಿನ ಮಾತು. ತೊಂದ್ರೆ ಇದ್ದಿದ್ದು ಅಕ್ಕಂಗಲ್ಲ, ಭಾವಂಗೆ. ರಿಪೋರ್ಟ್ ಬಂದ ದಿನ ಅವರು ಬಚ್ಚಲಿನ ನಲ್ಲಿ ಬಿಟ್ಕೊಂಡು ಅತ್ರಂತೆ. ಆಮೇಲೆ ಬಂದು, "ಅಮ್ಮಂಗೆ ಗೊತ್ತಾಗೋದು ಬೇಡ ಕಣೇ" ಅಂದ್ರು. ಅಕ್ಕ ಹೂಂ ಅಂದ್ಲು. ಅವತ್ತಿಂದ ಬಂಜೆ ಅನ್ನೋ ಹೆಸರು ಅವಳೇ ಹೊತ್ಕೊಂಡು ತಿರುಗಿದ್ಲು, ಬೇರೆಯವರ ಮೂಟೆ ಹೊತ್ತ ಕತ್ತೆ ಥರ.

ಯಾರಿಗೂ ಹೇಳ್ದೆ ಮಗೂಗೆ ಟ್ರೀಟ್‌ಮೆಂಟ್ ನಡೀತಿತ್ತು, ತೊಂದ್ರೆ ಭಾವಂದಾದ್ರೂ ಸೂಜಿ ಅಕ್ಕನ ಹೊಟ್ಟೆಗೇ. ಆ ರಾತ್ರಿ ಕೊನೇ ಸಲ. ಎರಡು ಸಲ ಕೈಕೊಟ್ಟಿತ್ತು. ಡಾಕ್ಟರಮ್ಮ, "ಇನ್ನೊಂದು ನೋಡೋಣ, ಆಮೇಲೆ ನಿನ್ನ ದೇಹಕ್ಕೆ ನಾನು ಹಿಂಸೆ ಕೊಡಲ್ಲ" ಅಂದಿದ್ರು. ಹೊಟ್ಟೆಗೆ ಒಂದು ಇಂಜೆಕ್ಷನ್, ರಾತ್ರಿ ಸರಿಯಾಗಿ ಹನ್ನೊಂದು ನಲವತ್ತಕ್ಕೆ. ಹೊತ್ತು ತಪ್ಪಿದ್ರೆ ಅಷ್ಟು ದಿನ ಚುಚ್ಚಿಸ್ಕೊಂಡಿದ್ದೆಲ್ಲಾ ನೀರಲ್ಲಿ ಹೋಮ.

ಅದನ್ನ ತಣ್ಣಗಿಡ್ಬೇಕು. ಮನೇಲಿ ಫ್ರಿಜ್ ಇತ್ತು, ಆದ್ರೆ ಅತ್ತೆ ಅದರ ಬಾಗ್ಲು ದಿನಕ್ಕೆ ಇಪ್ಪತ್ತು ಸಲ ತೆಗೀತಾರೆ. ಅದಕ್ಕೆ ಅಕ್ಕ ತನ್ನ ಅಂಗಡಿ ಪಕ್ಕದ ಜ್ಯೂಸ್ ಅಂಗಡಿ ಫ್ರಿಜ್ಜಲ್ಲಿ, ಮೂಸಂಬಿ ಹಿಂದೆ ಬಚ್ಚಿಟ್ಟಿದ್ಲು. ಎರಡು ಅಂಗಡಿಗೂ ಒಂದೇ ಶಟರ್, ಕೀಲಿ ಅವಳ ಹತ್ರಾನೂ ಇತ್ತು. ಅವತ್ತು ಸಂಜೆ ನಲವತ್ತು ಯೂನಿಫಾರಂಗೆ ಗುಂಡಿ ಹಾಕೋ ಗಡಿಬಿಡೀಲಿ ಶಟರ್ ಎಳೆದು ಮನೆಗೆ ಬಂದುಬಿಟ್ಲು. ಹನ್ನೊಂದಕ್ಕೆ ಅಲಾರಂ ಹೊಡೆದಾಗ ನೆನಪಾಯ್ತು, ಸೂಜಿ ಮೂಸಂಬಿ ಹಿಂದೇನೇ ಇದೆ! ಭಾವ ಫ್ಯಾಕ್ಟರೀಲಿ, ಬರೋದು ಹನ್ನೆರಡೂವರೆಗೆ. ಫ್ಲಾಸ್ಕ್ ಎತ್ಕೊಂಡು ಓಡಿದ್ಲು.

ಹೋಗೋವಾಗ ಬಾವಿ ಸುಮ್ನಿತ್ತು. ವಾಪಸ್ ಬರೋವಾಗ...

ಕಿರ್ರ್ರ್... ಕಿರ್ರ್ರ್...

ರಾಟೆ ಸದ್ದು. ಆ ಬಾವಿಗೆ ರಾಟೆ ಇಲ್ಲ. ನೀರೂ ಇಲ್ಲ, ಬತ್ತಿ ಇಪ್ಪತ್ತು ವರ್ಷ. ಮೇಲೆ ಕಬ್ಬಿಣದ ಸರಳು ಹೊದಿಸಿದ್ದಾರೆ. ಅಲ್ಲಿರೋದು ಬಾವಿಯವಳು ಒಬ್ಳೇ. ಬೀದಿಗೆಲ್ಲಾ ಗೊತ್ತು, ಒಂಟಿ ಹೆಂಗಸು ರಾತ್ರಿ ಹೋದ್ರೆ ಒಂದು ಪ್ರಶ್ನೆ ಕೇಳ್ತಾಳೆ. "ಇಬ್ರು ಮಕ್ಳು" ಅಂತ ಸುಳ್ಳಾದ್ರೂ ಹೇಳಿ ದಾಟ್ಬೇಕು. ಇಲ್ಲ ಅಂದವಳ ಕಾಲು ಅಲ್ಲೇ ಕಚ್ಕೊಳ್ಳತ್ತಂತೆ.

ಗುಳುಂ... ಬಿಂದಿಗೆ ಮುಳುಗಿದ ಸದ್ದು. ಆಮೇಲೆ ಪಿಸುಮಾತು, ಕಿವಿ ಪಕ್ಕದಲ್ಲೇ.

"ಏನಮ್ಮಾ... ಏನಾದ್ರೂ ವಿಶೇಷ ಇದ್ಯಾ?"

ಥೂ, ದೆವ್ವಾನೂ ಅದನ್ನೇ ಕೇಳೋದಾ! ಆರು ವರ್ಷದಿಂದ ಹಾಲಿನವಳು ಕೇಳಿದ್ದು, ನಾದಿನಿ ಕೇಳಿದ್ದು, ಬಸ್ಸಲ್ಲಿ ಪಕ್ಕ ಕೂತ ಗುರುತು ಪರಿಚಯ ಇಲ್ದೋಳು ಕೇಳಿದ್ದು. ಅಕ್ಕನ ಬಾಯಲ್ಲಿ ಸುಳ್ಳು ತಯಾರಾಗೇ ಇತ್ತು. ಆದ್ರೆ ಆಚೆ ಬಂದಿದ್ದೇ ಬೇರೆ.

"ಇಲ್ಲ... ಏನೂ ಇಲ್ಲ. ತೊಂದ್ರೆ ನಂದಲ್ಲ."

ಮೊದಲ್ನೇ ಸಲ ಜೋರಾಗಿ ಹೇಳಿದ್ದು ಅದನ್ನ. ಹೇಳಿದ್ದು ಒಂದು ಬಾವಿಗೆ.

ರಾಟೆ ನಿಂತೋಯ್ತು. ಆಮೇಲೆ...

"ನಂದೂ ಅಲ್ಲ ಕಣಮ್ಮಾ."

ಅಷ್ಟೇ. ಕಾಲು ಕಿತ್ತಿಡೋಕಾಗ್ಲಿಲ್ಲ. ಅಕ್ಕನ ಎರಡೂ ಕೈ ಬಾವಿ ಸರಳು ಹಿಡ್ಕೊಂಡುಬಿಟ್ವು. ಯಾವಾಗ ಹಿಡ್ಕೊಂಡ್ವೋ ಅವಳಿಗೇ ಗೊತ್ತಿಲ್ಲ. ಬೆರಳು ಬಿಚ್ಚಿ ಅಂದ್ರೂ ಬಿಚ್ಚಲ್ಲ. ಕಾಲ ಬುಡದಲ್ಲಿ ಫ್ಲಾಸ್ಕು. ಕಟ್ಟೆ ಮೇಲೆ ಮೊಬೈಲು. ಮೂವತ್ತೊಂದು... ಮೂವತ್ತೆರಡು... ಕಣ್ಣೆದುರೇ ನಿಮಿಷ ಸೋರ್ತಿದೆ. ಅಕ್ಕ ಬೇಡ್ಕೊಂಡ್ಲು. ದೇವ್ರನ್ನಲ್ಲ, ಬಾವೀನ. "ಬಿಡೇ ತಾಯಿ... ಇವತ್ತೊಂದಿನ ಬಿಡು... ಇನ್ನೊಂದು ಸಲ ಇಲ್ಲ ನಂಗೆ..."

ಚರ... ಚರ... ಚರ. ಹಿಂದೆ ಚಪ್ಪಲಿ ಸದ್ದು. ಟಾರ್ಚ್ ಬೆಳಕು.

ಅತ್ತೆ!

ಅತ್ತೆ ಅಕ್ಕನ್ನ ನೋಡ್ಲಿಲ್ಲ. ಬಾವಿಗೆ ಬಗ್ಗಿದ್ರು. ತಗ್ಗಿದ ದನೀಲಿ, "ಅಕ್ಕಾ... ಇವಳನ್ನ ಬಿಡು. ತಪ್ಪು ನಂದು" ಅಂದ್ರು.

"ಯಾರತ್ತೆ... ಯಾರು ಅವ್ಳು?"

"ನಿಮ್ಮ ಮಾವನ ಮೊದಲ್ನೇ ಹೆಂಡ್ತಿ. ಹನ್ನೊಂದು ವರ್ಷ ಬಂಜೆ ಬಂಜೆ ಅಂದ್ರು. ಒಂದಿನ ನೀರಿಗೆ ಅಂತ ಬಂದವಳು ಮನೆಗೆ ವಾಪಸ್ ಬರ್ಲಿಲ್ಲ. ಅವಳ ಜಾಗಕ್ಕೆ ನನ್ನ ತಂದ್ರು. ನಂಗೂ ಏಳು ವರ್ಷ ಮಗು ಆಗ್ಲಿಲ್ಲ. ಆಗ್ಲೇ ಗೊತ್ತಾಯ್ತು, ತೊಂದ್ರೆ ಯಾರದು ಅಂತ. ಎಂಟನೇ ವರ್ಷ ಹೆಂಗೋ ನಿನ್ನ ಗಂಡ ಹುಟ್ದ. ನಾನು ಬಾಯಿ ಹೊಲ್ಕೊಂಡೆ."

"ನಿಮ್ಮ ಮಗಂದು..."

"ರಿಪೋರ್ಟ್ ಅವನ ಪ್ಯಾಂಟ್ ಜೇಬಲ್ಲೇ ಇತ್ತು. ಒಗೆಯೋಳು ನಾನು. ಈ ಸೂಜಿ ಚೀಟೀನೂ ಅಲ್ಲೇ ಸಿಕ್ತು. ಗೊತ್ತಿದ್ದೂ ಬೀದಿಯವ್ರು ನಿನ್ನ ಹಂಗಿಸೋದು ಕೇಳ್ಕೊಂಡು ಕೂತೆ." ಅತ್ತೆ ಫ್ಲಾಸ್ಕ್ ಎತ್ಕೊಂಡ್ರು. "ಅಲಾರಂ ಕೇಳಿ ಹುಡುಕ್ಕೊಂಡು ಬಂದೆ. ಇದನ್ನ ಎಷ್ಟು ಹೊತ್ತಿಗೆ ಚುಚ್ಚೋದು?"

"ನಲವತ್ತಕ್ಕೆ... ನಂಗೆ ಭಯ ಅತ್ತೆ." ದಿನವಿಡೀ ಸೂಜಿ ಹಿಡಿಯೋಳಿಗೆ ತನ್ನ ಹೊಟ್ಟೆಗೆ ಸೂಜಿ ಅಂದ್ರೆ ನಡುಕ. ಅದು ಯಾವಾಗ್ಲೂ ಭಾವನ ಕೆಲ್ಸ, ಅವತ್ತು ಮಾತ್ರ ಅವರಿಗೆ ರಜೆ ಸಿಗದೆ ತಾನೇ ಚುಚ್ಕೋಬೇಕಿತ್ತು.

"ಹತ್ತು ವರ್ಷದಿಂದ ನನ್ನ ಹೊಟ್ಟೆಗೆ ನಾನೇ ಇನ್ಸುಲಿನ್ ಚುಚ್ಕೋತಿದೀನಿ ಕಣೇ. ಅದೂ ಫ್ರಿಜ್ಜಲ್ಲೇ ಇರತ್ತೆ. ಅದರ ಪಕ್ಕ ಇದಕ್ಕೆ ಜಾಗ ಇರ್ಲಿಲ್ವಾ? ಮೂದೇವಿ!"

ಫ್ಲಾಸ್ಕಿನ ಮುಚ್ಚಳ... ಟಕ್. ಎಡಗೈಲಿ ಟಾರ್ಚು, ಬಲಗೈಲಿ ಸಿರಿಂಜು. ಕುರ್ತಾ ಮೇಲೆ ಸರೀತು. ಹೊಕ್ಕಳ ಪಕ್ಕದ ಚರ್ಮ ಚಿವುಟಿ ಹಿಡಿದಂಗಾಯ್ತು. ಮೊಬೈಲಲ್ಲಿ ಹನ್ನೊಂದು ನಲವತ್ತು. ಚುರುಕ್. ಮುಗೀತು. ಆಗ ಅಕ್ಕನ ಬೆರಳು ಸರಳು ಬಿಟ್ಟವು, ಒಂದೊಂದಾಗಿ.

ಬೆಳಗ್ಗೆ ತರಕಾರಿ ಗಾಡಿ ಸುತ್ತ ಅರ್ಧ ಬೀದಿ ನಿಂತಿತ್ತು. ಹಾಲಿನವಳು ಎಂದಿನಂತೆ, "ಏನಮ್ಮಾ, ಇನ್ನೂ ವಿಶೇಷ ಇಲ್ವಾ?" ಅಂತ ಶುರು ಮಾಡಿದ್ಲು. ಅತ್ತೆ ಬೆಂಡೆಕಾಯಿ ಮುರೀತಾ ಮುರೀತಾನೇ ಅಂದ್ರು, "ತೊಂದ್ರೆ ಇರೋದು ನನ್ನ ಮಗಂಗೆ. ಔಷಧಿ ನಡೀತಿದೆ. ಇವಳಿಗೇನೂ ಆಗಿಲ್ಲ. ಇನ್ನೇನಾದ್ರೂ ಅಳತೆ ಬೇಕಿತ್ತಾ?" ಹಾಲಿನವಳು ಕ್ಯಾನ್ ಎತ್ಕೊಂಡು ಹೊರಟ್ಲು. ಬಾಗಿಲಲ್ಲಿ ಭಾವ ನಿಂತಿದ್ರು, ಮುಖ ಬೂದುಗುಂಬಳ. ಮೆಟ್ಲಿಳಿದು ಬಂದು, "ಹೌದು... ನಂಗೇ" ಅಂದ್ರು. ಆಕಾಶ ಕಳಚಿ ಬೀಳ್ಲಿಲ್ಲ.

ಆಮೇಲೆ ಮಗು ಆಯ್ತಾ? ನೋಡಿ, ಬಾಯಿಗೆ ಬಂದೇ ಬಿಡ್ತು ನಿಮ್ಗೂ! ಅದನ್ನ ಕೇಳೋಕೆ ಬಾವಿ ಇದೆ. ನೀವ್ಯಾಕೆ?

ನಾನು ಹೇಳ್ಬೇಕಾಗಿರೋದು ಬೇರೆ. ಆ ಸಂಜೆ ಅಕ್ಕ ಅತ್ತೇನ ಕೇಳಿದ್ಲು, "ಒಂದು ಕೈಲಿ ಟಾರ್ಚು, ಒಂದು ಕೈಲಿ ಸೂಜಿ. ಚರ್ಮ ಹೆಂಗೆ ಚಿವುಟಿ ಹಿಡಿದ್ರಿ ಅತ್ತೆ?"

"ನಾನೆಲ್ಲಿ ಹಿಡಿದೆ? ನೀನೇ ಹಿಡಿದಿದ್ದೆ ಅಲ್ವೇನೇ..."

"ನನ್ನೆರಡೂ ಕೈ ಸರಳ ಮೇಲಿತ್ತಲ್ಲ ಅತ್ತೆ."

ಅತ್ತೆ ಒಗೆಯೋ ಬುಟ್ಟಿಯಿಂದ ಆ ಕುರ್ತಾ ಎತ್ತಿ ದೀಪಕ್ಕೆ ಹಿಡಿದ್ರು.

ಸುಳ್ಳು ಅನ್ನೋರು ಅಂಗಡಿಗೆ ಹೋಗಿ ನೋಡಿ. ನಾನೇ ನೋಡಿದೀನಿ, ಕೈಯಲ್ಲಿ ಮುಟ್ಟಿದೀನಿ. ಆ ಕುರ್ತಾ ಮಿಷಿನ್ ಹಿಂದೆ ಮೊಳೆಗೆ ನೇತಾಡ್ತಿದೆ. ಎಂಥಾ ಕಲೆ ಬೇಕಾದ್ರೂ ತೆಗೆಯೋ ಅಕ್ಕಂಗೆ ಅದೊಂದನ್ನ ತೆಗೆಯೋಕಾಗಿಲ್ಲ. ಹೊಟ್ಟೆ ಹತ್ರ, ಬತ್ತಿದ ಬಾವಿಯ ಹಸಿರು ಪಾಚಿಯ ಮೂರು ಅಚ್ಚು. ಒಂದು ಹೆಬ್ಬೆರಳಿಂದು. ಎರಡು ಬೆರಳಿಂದು.