ಎಣ್ಣೆ ಡಬ್ಬಿಗೆ ಹೇಳಿದ ಮಾತು

ರೇಡಿಯೊ ಬಿಡಿಭಾಗಗಳ ಅಂಗಡಿಯ ಹುಡುಗಿ ತಲೆ ತಗ್ಗಿಸಿ ಡಯೋಡುಗಳನ್ನು ಪೊಟ್ಟಣಕ್ಕೆ ತುಂಬುತ್ತಿದ್ದಳು. ಅಪ್ಪ ಮನೆಯಲ್ಲೇ ಕಟ್ಟುತ್ತಿದ್ದ, ಏರಿಯಲ್ ಪರೀಕ್ಷಿಸುವ ಮೀಟರಿಗೆಂದು ಅವನ್ನು ಕೊಳ್ಳಲು ಬಂದವಳು ಅಕ್ಕ. ಜೊತೆಗಿದ್ದ ತಮ್ಮ ಬಾಗಿಲ ಕಡೆ ನೋಡುತ್ತಿದ್ದ.

“ಇದೆಲ್ಲ ಬೇಡ ಅಕ್ಕಾ. ಏರಿಯಲ್ ಸರಿಯಾಗೇ ಇದೆ.”

“ಮತ್ತೆ ಅಪ್ಪ ದಿನಾ ಸಂಜೆ ಹ್ಯಾಮ್ ರೇಡಿಯೊದಲ್ಲಿ ಗೆಳೆಯರನ್ನ ಗಂಟಲು ಹರಿಯೋ ಹಾಗೆ ಕರೆದರೂ ಯಾರೂ ಯಾಕೆ ಓಗೊಡಲ್ಲ?”

“ಮೇಜಿನ ಹಿಂದೆ ಸೆಟ್ಟಿಂದ ಏರಿಯಲ್‌ಗೆ ಹೋಗೋ ವಯರು ಕಿತ್ತು, ಸೆಟ್ಟನ್ನ ಎಣ್ಣೆ ಡಬ್ಬಿಗೆ ಸಿಕ್ಕಿಸಿದ್ದೀನಿ. ಅವರಿಗೆ ಬಗ್ಗಿ ನೋಡೋಕಾಗಲ್ಲ.”

“ಸೆಟ್ ಪರೀಕ್ಷೆಗೆ ಅಂತ ಅಪ್ಪನೇ ಮಾಡಿದ ಡಬ್ಬಿಗಾ? ಅದಕ್ಕೆ ಹಾಕಿದರೆ ಮಾತು ಮನೆಯಿಂದಾಚೆ ಹೋಗಲ್ಲವಲ್ಲೋ!”

“ಹೋಗಬಾರದು ಅಂತಲೇ. ಸೊಸೆ ಅಡುಗೆಗೆ ಉಪ್ಪು ಹಾಕಲ್ಲ ಅಂತ ಕಂಡಕಂಡೋರಿಗೆಲ್ಲ ಡಂಗುರ ಹೊಡೀತಿದ್ರು.”

“ಉಪ್ಪಿಗೋಸ್ಕರ ಅಪ್ಪನ ಬಾಯಿ ಹೊಲಿದೆಯಾ?”

“ಎಲ್ಲಿ ಹೊಲಿದೆ? ಮಾತಾಡ್ತಾನೇ ಇದ್ದಾರಲ್ಲ.”

“ಗೆಳೆಯರೆಲ್ಲ ತನ್ನ ಮರೆತರು ಅಂತ ನಿನ್ನೆ ಅರ್ಧ ಊಟಕ್ಕೇ ಎದ್ದರು. ಏರಿಯಲ್ ಕೆಟ್ಟಿರಲಿ ಅನ್ನೋ ಆಸೆಗೆ ಈ ಮೀಟರ್ ಕಟ್ತಿದ್ದಾರೆ ಕಣೋ.”

“ಕಟ್ಟಲಿ ಬಿಡು. ಡಬ್ಬಿ ಇರೋವರೆಗೂ ಮೀಟರಿನ ಮುಳ್ಳು ಎಲ್ಲಾ ಸರಿಯಿದೆ ಅಂತಲೇ ತೋರಿಸುತ್ತೆ.”

ಹುಡುಗಿಯ ಕೈ ನಿಂತಿತು. ಅಕ್ಕ ಗಲ್ಲಾಮೇಜಿನ ಅಂಚು ಹಿಡಿದುಕೊಂಡಳು.

“ಹಾಗಾದರೆ ಏರಿಯಲ್ ಸರಿಯಿದೆ, ಗೆಳೆಯರಿಗೇ ನಾನು ಬೇಡವಾದೆ ಅಂತ ಅಪ್ಪ ನಂಬಿಬಿಡ್ತಾರೆ.”

ತಮ್ಮ ಹೊರಗೆ ಹೋಗಿ ಸ್ಕೂಟರ್ ಚಾಲೂ ಮಾಡಿದ. ಹುಡುಗಿ ಚಾಚಿದ ಪೊಟ್ಟಣವನ್ನು ತೆಗೆದುಕೊಂಡು ಅಕ್ಕ ಅವನ ಹಿಂದೆ ಕೂತಳು.

“ಇವತ್ತೇ ಆ ವಯರು ಮೊದಲಿನ ಹಾಗೆ ಹಾಕಿಬಿಡೋ.”